ಮಳೆಗಾಲ ದಾಟಿ ಉಳಿಯುವ ತರಕಾರಿ ಹಿತ್ತಲು

ಪ್ರಶ್ನೆ: ನಮ್ಮದು ಅಂಕೋಲಾ ತಾಲೂಕು, ಸಮುದ್ರದಿಂದ 3 ಕಿಲೋಮೀಟರ್ ಒಳಗೆ, ಗುಡ್ಡದ ಬುಡ. ಮನೆಯ ಹಿಂದೆ 3 ಗುಂಟೆ ಜಾಗ, 7 ತೆಂಗಿನ ಮರ, ಒಂದು ಬಾವಿ ಇದೆ. ಪ್ರತಿ ವರ್ಷ ಬೀಜ ಹಾಕಿ, ಕಿತ್ತು, ಮತ್ತೆ ಹಾಕುವುದರ ಬದಲು ಒಮ್ಮೆ ನೆಟ್ಟರೆ ಹಲವು ವರ್ಷ ಕೊಯ್ಯಬಹುದಾದ ತರಕಾರಿಯನ್ನು ಸಾವಯವದಲ್ಲಿ ಮಾಡುವ ಆಸೆ. ಕಳೆದ ವರ್ಷ ಮೇ ಕೊನೆಯಲ್ಲಿ ಒಂದೇ ಸಲಕ್ಕೆ 18 ಬಗೆಯ ಗಿಡ ತಂದು ನೆಟ್ಟೆವು. ನುಗ್ಗೆ ಜುಲೈನಲ್ಲಿ ಕೊಳೆತು ಬಿತ್ತು. ತೊಂಡೆ ಚಪ್ಪರ ತುಂಬ ಹಬ್ಬಿ ಹೂ ಬಿಡುತ್ತಿದೆ, ಒಂದೂ ಕಾಯಿ ಇಲ್ಲ. ಚೆನ್ನಾಗಿದ್ದ ಬಸಳೆ ಬೇಸಿಗೆಯಲ್ಲಿ ಎಲೆ ಸಣ್ಣದಾಗುತ್ತ ಸೊರಗಿತು. ಬದನೆ ಹಸಿರಿದ್ದ ಹಾಗೇ ಬಾಡಿತು. ಉಳಿದದ್ದನ್ನು ಬಸವನಹುಳು ಮತ್ತು ಮಂಗ ಹಂಚಿಕೊಂಡವು. ಬಾವಿ ನೀರು ಏಪ್ರಿಲ್ ಹೊತ್ತಿಗೆ ಸ್ವಲ್ಪ ಉಪ್ಪಾಗುತ್ತದೆ. ಮತ್ತೆ ಶುರುಮಾಡುವುದಾದರೆ ಯಾವಾಗ, ಯಾವುದರಿಂದ?

ಉತ್ತರ: 18 ಬಗೆಯಲ್ಲಿ ಗಿಡದ್ದೇ ತಪ್ಪು ಅನ್ನಬಹುದಾದದ್ದು ತೊಂಡೆಯೊಂದೇ. ಉಳಿದವು ಹೆಚ್ಚಾಗಿ ಹಾಳಾದದ್ದು ನೆಟ್ಟ ತಿಂಗಳಿನಿಂದ, ಮಣ್ಣಿನಿಂದ ಮತ್ತು ನಿಂತ ನೀರಿನಿಂದ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಿಮ್ಮ 3 ಗುಂಟೆಯ ಮೇಲೆಯೇ 9 ಲಕ್ಷ ಲೀಟರ್ ಬೀಳುತ್ತದೆ, ಗುಡ್ಡದಿಂದ ಇಳಿದು ಬರುವುದು ಬೇರೆ. ವರ್ಷದ ತರಕಾರಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ಅಂಕೋಲಾ, ಕುಮಟಾ ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ತರಕಾರಿ, ಈರುಳ್ಳಿ ಮಾಡುವವರು ಮುಂದಿನ ಮಳೆ ಬರುವುದರೊಳಗೆ ಎಲ್ಲ ಕಿತ್ತು ಮುಗಿಸಿರುತ್ತಾರೆ. ಬಹುವಾರ್ಷಿಕ ಗಿಡ ಮಾತ್ರ ಆ ನಾಲ್ಕು ತಿಂಗಳನ್ನೂ ನೆಲದಲ್ಲಿ ನಿಂತೇ ಕಳೆಯಬೇಕು. ಹಾಗಾಗಿ ಗಿಡದ ಪಟ್ಟಿ ಬರೆಯುವ ಮೊದಲು ನೀರು ಹೋಗುವ ದಾರಿ ತೀರ್ಮಾನವಾಗಬೇಕು.

ಅದನ್ನು ನೋಡಲು ಮಳೆಗಾಲವೇ ಒಳ್ಳೆಯ ಹೊತ್ತು. ಜೋರು ಮಳೆ ಬಂದು ನಿಂತ ಎರಡು ತಾಸಿಗೆ ಹಿತ್ತಲಿಗೆ ಹೋಗಿ, ಇನ್ನೂ ನೀರು ನಿಂತಿರುವ ಕಡೆಯೆಲ್ಲ ಒಂದೊಂದು ಕೋಲು ಊರಿ ಬನ್ನಿ. ನಾಲ್ಕೈದು ಸಲ ಹೀಗೆ ಮಾಡಿದರೆ ಜಾಗದ ನಕ್ಷೆ ತಾನಾಗಿ ಸಿಗುತ್ತದೆ. ಕೋಲು ಇರುವಲ್ಲಿ ಕೆಸು ಮಾತ್ರ. ಮಾಡಿನ ನೀರು ಬೀಳುವ ಸಾಲಿನಲ್ಲಿ ಏನನ್ನೂ ನೆಡಬೇಡಿ.

ಗುಡ್ಡದ ಕಡೆಯ ಅಂಚಿಗೆ ಅಡ್ಡಲಾಗಿ ಒಂದು ಬಸಿಗಾಲುವೆ ಬೇಕು: ಅಗಲ ಒಂದೂವರೆ ಅಡಿ, ಆಳ ಒಂದೂವರೆ ಅಡಿ, 10 ಅಡಿ ಉದ್ದಕ್ಕೆ ಒಂದೂವರೆ ಇಂಚು ಇಳಿಜಾರು. ಇದಕ್ಕಿಂತ ಇಳಿಜಾರು ಹೆಚ್ಚಾದರೆ ಆರಿದ್ರಾ ಮಳೆಗೆ ಕಾಲುವೆಯೇ ಕೊರೆದುಕೊಂಡು ಹೋಗುತ್ತದೆ, ಕಡಿಮೆಯಾದರೆ ಮಣ್ಣು ತುಂಬಿ ಮುಚ್ಚುತ್ತದೆ. ತೆಗೆದ ಮಣ್ಣನ್ನು ಕೆಳಬದಿಗೇ ಒಡ್ಡಾಗಿ ಹಾಕಿ. ನೀರು ಹೊರಬೀಳುವ ಬಾಯಿಗೆ ಚಿರೆಕಲ್ಲಿನ ಚೂರು ಹಾಸಿ. ಈ ಕಾಲುವೆ ತೋಡದೆ ಗೊಬ್ಬರಕ್ಕೆ ಎಷ್ಟು ಹಣ ಹಾಕಿದರೂ ಅದು ಪಕ್ಕದವರ ಗದ್ದೆಗೆ ಸೇರುತ್ತದೆ.

ಕೆಲಸ ಶುರುವಾಗುವುದು ಹಸ್ತ ಮಳೆ ಮುಗಿಯುವ ಹೊತ್ತಿಗೆ, ಅಂದರೆ ಅಕ್ಟೋಬರ್ ಎರಡನೇ ವಾರ. ಮೊದಲ ವರ್ಷ 3 ಗುಂಟೆಯನ್ನೂ ಮುಟ್ಟಬೇಡಿ, ಅರ್ಧ ಗುಂಟೆ ಸಾಕು. ಅಡುಗೆಮನೆಯ ಬಾಗಿಲಿಗೆ ಹತ್ತಿರದ, ಕನಿಷ್ಠ ಆರು ತಾಸು ಬಿಸಿಲು ಬೀಳುವ ತುಂಡು ಆರಿಸಿ. ತೆಂಗಿನ ಬುಡದಿಂದ 6 ಅಡಿ ದೂರ ಬಿಡಿ, ಅದರೊಳಗೆ ತೆಂಗಿನ ಬೇರೇ ಗೊಬ್ಬರ ಉಣ್ಣುತ್ತದೆ.

ಮಡಿಯ ಅಳತೆ 10 ಅಡಿ ಉದ್ದ, 4 ಅಡಿ ಅಗಲ, 1 ಅಡಿ ಎತ್ತರ. ಕೋಲು ಊರಿದ ಜಾಗಕ್ಕೆ ಹತ್ತಿರವಾದರೆ ಎತ್ತರ ಒಂದೂವರೆ ಅಡಿ ಇರಲಿ. ಅಗಲ 4 ಅಡಿ ಮೀರಿದರೆ ನಡುವಿಗೆ ಕೈ ಎಟುಕದೆ ಕಾಲಿಡಬೇಕಾಗುತ್ತದೆ, ಒಮ್ಮೆ ತುಳಿದ ಜಂಬಿಟ್ಟಿಗೆ ಮಣ್ಣು ಮಳೆಗೆ ಇಟ್ಟಿಗೆಯಾಗುತ್ತದೆ. ಕೆಳಬದಿಗೆ ಚಿರೆಕಲ್ಲಿನ ಒಂದು ಸಾಲು ಕೂರಿಸಿ. ಅಡಿಕೆ ದಬ್ಬೆ ಸಸ್ತಾ, ಆದರೆ ಮಣ್ಣಿಗೆ ತಾಗಿದ ದಬ್ಬೆಯನ್ನು ಎರಡು ವರ್ಷದೊಳಗೆ ಒರಲೆ (ಗೆದ್ದಲು) ತಿಂದಿರುತ್ತದೆ.

ಇನ್ನು ಮಣ್ಣು. ಗುಡ್ಡದ ಕೆಂಪು ಮಣ್ಣಿನಲ್ಲಿ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದು ಹುಳಿಯಂಶ ಉಳಿಸಿರುತ್ತದೆ. ಒಂದು ಮಡಿಗೆ, ಅಂದರೆ 40 ಚದರ ಅಡಿಗೆ, 300 ಗ್ರಾಂ ಸುಣ್ಣದ ಪುಡಿ ಮೊದಲ ಸಲಕ್ಕೆ ಸಾಕು. ಚಿಪ್ಪಿನ ಸುಣ್ಣ ಸಿಕ್ಕರೆ ನೀರು ಹಾಕಿ ಅರಳಿಸಿ, ಆರಿಸಿ, ಇದಕ್ಕಿಂತ ಸ್ವಲ್ಪ ಕಡಿಮೆ ಹಾಕಿ, ಅದರ ಶಕ್ತಿ ಹೆಚ್ಚು. ಮಣ್ಣಿಗೆ ಬೆರೆಸಿ, ನೀರು ಚಿಮುಕಿಸಿ, 15 ದಿನ ಬಿಟ್ಟು ಆಮೇಲೆ ಗೊಬ್ಬರ. ಸುಣ್ಣ ಮತ್ತು ಸಗಣಿ ಗೊಬ್ಬರವನ್ನು ಒಂದೇ ದಿನ ಕಲಸಿದರೆ ಮೂಗಿಗೆ ಖಾರ ಹೊಡೆಯುವ ವಾಸನೆ ಬರುತ್ತದಲ್ಲ, ಆ ವಾಸನೆಯೇ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತಿರುವುದು. ಸುಣ್ಣ ಹಾಕಿದ ವರ್ಷ ಬೂದಿಯನ್ನು ಮಡಿಗೆ ಒಂದೆರಡು ಹಿಡಿಗಿಂತ ಹೆಚ್ಚು ಹಾಕಬೇಡಿ, ಅದೂ ಸುಣ್ಣದ ಕೆಲಸವನ್ನೇ ಮಾಡುತ್ತದೆ. ಇದನ್ನು ಓದುವ ಕಡಲ ದಂಡೆಯ ಮನೆಗಳವರು ಮಾತ್ರ ಸುಣ್ಣದ ಗೋಜಿಗೆ ಹೋಗಬೇಡಿ. ಚಿಪ್ಪಿನ ಚೂರು ಬೆರೆತ ಮರಳಿನಲ್ಲಿ ಅದು ಮೊದಲೇ ಇರುತ್ತದೆ. ಎರಡನೇ ವರ್ಷ ವಿಸ್ತರಿಸುವ ಮೊದಲು ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿ, ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಗೊಬ್ಬರ ಮಡಿಗೆ 40 ಕಿಲೋ, ಅಂದರೆ ನಾಲ್ಕೈದು ಬುಟ್ಟಿ, ಪೂರ್ತಿ ಕಳಿತದ್ದು. ಕಳಿತಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಹಿಡಿ ಗಟ್ಟಿಯಾಗಿ ಮುಷ್ಟಿ ಕಟ್ಟಿ ಬಿಡಿಸಿ. ಕೈಗೆ ಮೆತ್ತದೆ ಉದುರಬೇಕು, ಮೊದಲ ಮಳೆಗೆ ನೆಂದ ಮಣ್ಣಿನ ವಾಸನೆ ಬರಬೇಕು. ಸಗಣಿ ವಾಸನೆಯೇ ಉಳಿದಿದ್ದರೆ ಇನ್ನೆರಡು ತಿಂಗಳು ಇರಲಿ. ಹಸಿ ಗೊಬ್ಬರದ ಜೊತೆ ಗೊಣ್ಣೆಹುಳು ಮಡಿಗೆ ಬರುತ್ತದೆ, ಅದು ಬೇರು ಕತ್ತರಿಸುತ್ತದೆ. ನಿಮ್ಮಲ್ಲಿ ತೆಂಗು ಇರುವುದರಿಂದ ಇನ್ನೊಂದು ಮಾತು: ಗೊಬ್ಬರದ ಗುಂಡಿಯನ್ನು ತಿಂಗಳಿಗೊಮ್ಮೆ ಮಗುಚಿ ಹುಳು ಆರಿಸಿ ತೆಗೆಯಿರಿ, ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮರಿ ಮಾಡುವುದು ಅಲ್ಲೇ. ಗೊಬ್ಬರದ ಜೊತೆ ಮಡಿಗೆ 1 ಕಿಲೋ ಬೇವಿನ ಹಿಂಡಿ.

ಒಣಮೀನಿನ ಗೊಬ್ಬರ ಕರಾವಳಿಯಲ್ಲಿ ಸುಲಭಕ್ಕೆ ಸಿಗುತ್ತದೆ, ಒಳ್ಳೆಯದೂ ಹೌದು, ಆದರೆ ಉಪ್ಪು ಹಾಕದೆ ಒಣಗಿಸಿದ್ದೇ ಆಗಬೇಕು. ಉಪ್ಪುಮೀನಿನ ಉಳಿಕೆಯನ್ನು ಬಸಳೆ ಬುಡಕ್ಕೆ ಸುರಿದು ಎಲೆಯ ಅಂಚು ಸುಟ್ಟ ಮೇಲೆ ರೋಗವೆಂದು ಔಷಧ ಹುಡುಕುವವರಿದ್ದಾರೆ. ಜೀವಾಮೃತದ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. 20 ಲೀಟರ್ ನೀರಿಗೆ ಸಗಣಿ 1 ಕಿಲೋ, ಗೋಮೂತ್ರ 1 ಲೀಟರ್, ಬೆಲ್ಲ 200 ಗ್ರಾಂ, ದ್ವಿದಳ ಹಿಟ್ಟು 200 ಗ್ರಾಂ, ಒಂದು ಹಿಡಿ ಮಣ್ಣು, ಮೂರ್ನಾಲ್ಕು ದಿನ ನೆರಳಿನಲ್ಲಿಟ್ಟು ಕಲಕುತ್ತಿದ್ದು ಬಳಸಿ. ತೊಂದರೆಯಿಲ್ಲ. ಇದನ್ನು ಹಾಕಿದೆವಲ್ಲ ಎಂದು ಬುಟ್ಟಿ ಗೊಬ್ಬರ ಬಿಟ್ಟರೆ ಎರಡನೇ ವರ್ಷ ಗಿಡದ ಬಣ್ಣವೇ ಹೇಳುತ್ತದೆ.

ಮುಚ್ಚಿಗೆಯಲ್ಲಿ, ಅಂದರೆ ಮಣ್ಣಿನ ಮೇಲೆ ಹಾಸುವ ಹೊದಿಕೆಯಲ್ಲಿ, ಎಲ್ಲರೂ ಎಡವುವುದು ಮಳೆಗಾಲದಲ್ಲಿ. ಅಕ್ಟೋಬರ್‌ನಿಂದ ಮೇ ತನಕ 4ರಿಂದ 6 ಇಂಚು ದಪ್ಪ ದರಕು (ಒಣ ತರಗೆಲೆ) ಬೇಕು. ಮಧ್ಯಾಹ್ನದ ಬಿಸಿಲಲ್ಲಿ ಅದನ್ನು ಸರಿಸಿ ಕೈಯಿಟ್ಟರೆ ಮಣ್ಣು ತಣ್ಣಗಿರಬೇಕು. ಅದೇ ದಪ್ಪವನ್ನು ಜೂನ್‌ನಲ್ಲೂ ಬಿಟ್ಟರೆ ಗಿಡದ ಬುಡ ಕೊಳೆಯುತ್ತದೆ, ಬಸವನಹುಳುವಿಗೆ ಬೆಚ್ಚನೆಯ ಮನೆಯಾಗುತ್ತದೆ. ಬೋಳು ಬಿಟ್ಟರೆ ಮಣ್ಣೇ ತೊಳೆದು ಹೋಗುತ್ತದೆ. ಹಾಗಾಗಿ ಮೇ ಕೊನೆಗೆ ದರಕನ್ನು ದಾರಿಗಳಿಗೆ ಎಳೆದು, ಮಡಿಯ ಮೇಲೆ ಸೀಳಿದ ತೆಂಗಿನ ಗರಿ ಅಥವಾ ಅಡಿಕೆ ಸೋಗೆ ಒಂದೇ ಪದರ ಹಾಸಿ. ಮಳೆಹನಿಯ ಪೆಟ್ಟು ತಡೆಯುತ್ತದೆ, ಗಾಳಿಯೂ ಆಡುತ್ತದೆ. ಗಿಡದ ಕಾಂಡಕ್ಕೆ ಯಾವತ್ತೂ ನಾಲ್ಕು ಬೆರಳು ಅಂತರ. ಅಕೇಶಿಯಾ, ಗಾಳಿಮರ, ಗೇರಿನ ಎಲೆ ಕರಗಲು ಬಹಳ ಕಾಲ ತೆಗೆದುಕೊಳ್ಳುತ್ತವೆ, ಅವನ್ನು ನಡೆಯುವ ದಾರಿಗೆ ಹಾಕಿ. ಮಾವು, ಹಲಸು, ಮತ್ತಿ, ಗೊಬ್ಬರಗಿಡದ (ಗ್ಲಿರಿಸಿಡಿಯಾ) ಸೊಪ್ಪು ಮಡಿಗೆ.

ಈಗ ಗಿಡ. ಮೊದಲ ವರ್ಷಕ್ಕೆ ಐದು ಸಾಕು: ಬಸಳೆ, ತೊಂಡೆ, ಚಕ್ರಮುನಿ, ಸುವರ್ಣಗಡ್ಡೆ, ಕೆಸು. ಇವು ಐದೂ ಸರಿಯಾಗಿ ಬಂದರೆ ವಾರದಲ್ಲಿ ನಾಲ್ಕು ದಿನದ ಪದಾರ್ಥಕ್ಕೆ, ಅಂದರೆ ಸಾರು ಪಲ್ಯಕ್ಕೆ, ಪೇಟೆಗೆ ಹೋಗುವ ಕೆಲಸವಿಲ್ಲ.

ಬಸಳೆಗೆ ಅಕ್ಟೋಬರ್, ನವೆಂಬರ್ ಸರಿಯಾದ ಕಾಲ. ಅಂಕೋಲಾ ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ಮಾರುವ ಕಟ್ಟಿನಲ್ಲೇ ನೆಡುವ ದಂಟು ಇರುತ್ತದೆ. ಎಲೆ ಹುಳಿಗೆ ಹಾಕಿ, ಬೆರಳು ದಪ್ಪದ ಬಲಿತ ದಂಟನ್ನು ಒಂದು ಅಡಿಗೆ ಕತ್ತರಿಸಿ, ಎರಡು ಗಂಟು ಮಣ್ಣೊಳಗೆ ಹೋಗುವಂತೆ ಓರೆಯಾಗಿ ನೆಡಿ. ಒಂದು ಮಡಿಗೆ ಎರಡು ಸಾಲು, ದಂಟಿನಿಂದ ದಂಟಿಗೆ ಒಂದೂವರೆ ಅಡಿ. ಆರರಿಂದ ಎಂಟು ವಾರಕ್ಕೆ ಮೊದಲ ಕೊಯ್ಲು. ಕುಡಿಯನ್ನು ಚಿವುಟದೆ ಒಂದು ಅಡಿಯಷ್ಟು ಬಳ್ಳಿಯನ್ನೇ ಕತ್ತರಿಸಿ, ಬುಡದಲ್ಲಿ ಎರಡು ಗಂಟು ಬಿಡಿ. ಅಲ್ಲಿಂದ ಎರಡೆರಡು ಹೊಸ ಬಳ್ಳಿ ಬರುತ್ತವೆ. ಪ್ರತಿ ಕೊಯ್ಲಿನ ಮರುದಿನ ಬುಡಕ್ಕೆ ಗಂಜಳ ಅಥವಾ ಕಡಲೆಹಿಂಡಿಯ ನೀರು: 250 ಗ್ರಾಂ ನೆಲಗಡಲೆ ಹಿಂಡಿ, 1 ಕಿಲೋ ಸಗಣಿಯನ್ನು 10 ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಅದಕ್ಕೆ ಐದು ಪಾಲು ನೀರು ಸೇರಿಸಿ. ಗಂಜಳವಾದರೆ ಹತ್ತು ಪಾಲು ನೀರು. ಎಲೆಗೆ ತಾಗಬಾರದು, ತಿನ್ನುವ ಎಲೆ. ಎಲೆಯ ಮೇಲೆ ಕೆಂಪು ಅಂಚಿನ ಚುಕ್ಕೆ ಬಂದರೆ ಆ ಎಲೆ ತೆಗೆದು ಸುಡಿ, ನೀರನ್ನು ಮೇಲಿಂದ ಚಿಮುಕಿಸುವುದನ್ನು ನಿಲ್ಲಿಸಿ.

ನಿಮ್ಮ ಬಸಳೆ ಸೊರಗಿದ ಕಾರಣ ಬೇರಿನಲ್ಲಿರಬೇಕು. ಒಣಗಿದ ಬುಡವೊಂದನ್ನು ಎಳೆಯದೆ, ಸುತ್ತ ಅಗೆದು ಎತ್ತಿ, ಬಾಲ್ದಿ ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಿ ನೋಡಿ. ಬೇರಿನ ಉದ್ದಕ್ಕೂ ಸಾಬಕ್ಕಿ ಪೋಣಿಸಿದ ಹಾಗೆ ಗಂಟುಗಳಿದ್ದರೆ ಅದು ಗಂಟುಬೇರಿನ ಜಂತುಹುಳು, ಕಣ್ಣಿಗೆ ಕಾಣದಷ್ಟು ಸಣ್ಣದು. ಅವರೆ, ಅಲಸಂದೆ ಬೇರಿನಲ್ಲಿರುವ ಒಳ್ಳೆಯ ಗಂಟನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅವರೆಯ ಗಂಟು ಉಗುರಿನಲ್ಲಿ ತಳ್ಳಿದರೆ ಕಳಚಿ ಬರುತ್ತದೆ. ಇದು ಬೇರೇ ಊದಿಕೊಂಡಿರುವುದು, ಕಳಚುವುದಿಲ್ಲ. ಗಂಟು ಕಂಡರೆ ಬಸಳೆಯನ್ನು ಬೇರೆ ಮಡಿಗೆ ಒಯ್ಯಿರಿ, ಹಳೆ ಮಡಿಯಲ್ಲಿ ಒತ್ತೊತ್ತಾಗಿ ಗೊಂಡೆ ಹೂವನ್ನು ಎರಡು ಮೂರು ತಿಂಗಳು ಬೆಳೆಸಿ ಅಲ್ಲೇ ಮಣ್ಣಿಗೆ ಸೇರಿಸಿ, ಬೇವಿನ ಹಿಂಡಿ ಹಾಕಿ. ಬೇರು ಬಂದ ಸಸಿಯನ್ನು ಮಣ್ಣು ಸಮೇತ ಯಾರಿಂದಲೂ ತರಬೇಡಿ. ಈ ಹುಳು ಹಿತ್ತಲಿಂದ ಹಿತ್ತಲಿಗೆ ಹೋಗುವುದೇ ಹಾಗೆ. ಬರೀ ದಂಟು ತಂದರೆ ಆ ಭಯವಿಲ್ಲ.

ತೊಂಡೆಯ ಸಂಗತಿ ಹೂವಿನಲ್ಲಿ ಇತ್ಯರ್ಥವಾಗುತ್ತದೆ. ಬೆಳಿಗ್ಗೆ ಚಪ್ಪರದ ಕೆಳಗೆ ನಿಂತು ಒಂದು ಬಿಳಿ ಹೂವನ್ನು ತೊಟ್ಟಿನ ಸಮೇತ ಕೀಳಿ. ಎಸಳಿನ ಕೆಳಗೆ ಸಣ್ಣದೊಂದು ಹಸಿರು ತೊಂಡೆ, ಗೆರೆ ಸಮೇತ, ಕೂತಿದ್ದರೆ ಅದು ಹೆಣ್ಣು ಬಳ್ಳಿ. ಬರೀ ಸಪೂರ ತೊಟ್ಟು ಇದ್ದರೆ ಗಂಡು. ತೊಂಡೆಯಲ್ಲಿ ಗಂಡು ಹೆಣ್ಣು ಬಳ್ಳಿಗಳೇ ಬೇರೆ ಬೇರೆ. ಚಪ್ಪರ ತುಂಬಿಯೂ ಒಂದು ಕಾಯಿ ಇಲ್ಲವೆಂದರೆ ನಿಮ್ಮದು ಗಂಡು ಬಳ್ಳಿ ಎಂದೇ ತಿಳಿಯಿರಿ, ಅದಕ್ಕೆ ಯಾವ ಗೊಬ್ಬರ ಹಾಕಿದರೂ ಪ್ರಯೋಜನವಿಲ್ಲ. ಬೀಜದ ಸಸಿ ಬೇಡವೇ ಬೇಡ. ಕಾಯಿ ಬಿಟ್ಟು ನಿಂತಿರುವ, ತಿಂದು ರುಚಿ ನೋಡಿದ ಬಳ್ಳಿಯಿಂದ ಪೆನ್ಸಿಲ್ ದಪ್ಪದ, ಮೂರ್ನಾಲ್ಕು ಗಂಟಿನ ತುಂಡು ತನ್ನಿ. ಫೆಬ್ರುವರಿ, ಮಾರ್ಚ್‌ನಲ್ಲಿ ನೀರಿನ ಅನುಕೂಲವಿದ್ದರೆ ಆಗ, ಇಲ್ಲದಿದ್ದರೆ ಜೂನ್‌ನಲ್ಲಿ ಏರಿಸಿದ ದಿಬ್ಬದ ಮೇಲೆ, ಒಂದೂವರೆ ಅಡಿ ಗುಂಡಿಗೆ ಮೂರು ತುಂಡು. ಮನೆಗೆ ಎರಡು ಗುಂಡಿ ಸಾಕು. ಹಳೆ ಗಂಡು ಬಳ್ಳಿಯ ಒಂದು ತುಂಡನ್ನು ಬೇಲಿಯ ಮೂಲೆಗೆ ಬಿಡಿ, ಕೆಲವು ಹೆಣ್ಣು ಬಳ್ಳಿಗೆ ಪರಾಗ ಸಿಕ್ಕರೆ ಕಾಯಿ ನಿಲ್ಲುವುದು ಹೆಚ್ಚು.

ತೊಂಡೆ ಕಾಯಿ ಬಿಡುವುದು ಹೊಸ ಕುಡಿಯಲ್ಲಿ. ಕತ್ತರಿಸಲು ಕೈ ಬಾರದವರ ಚಪ್ಪರ ಮೂರನೇ ವರ್ಷ ಒಣ ಬಳ್ಳಿಯ ಗೂಡಾಗಿರುತ್ತದೆ. ಮಳೆ ಕಳೆದ ಮೇಲೆ ಒಮ್ಮೆ ಬುಡದಿಂದ ಎರಡು ಮೂರು ಅಡಿ ಬಿಟ್ಟು ಎಲ್ಲ ಕತ್ತರಿಸಿ ಒಂದು ಬುಟ್ಟಿ ಗೊಬ್ಬರ ಕೊಡಿ. ಹೀಗೆ ಮಾಡಿದರೆ ಮೂರ್ನಾಲ್ಕು ವರ್ಷ ಒಳ್ಳೆಯ ಫಸಲು. ಕಾಯಿಯೊಳಗೆ ಹುಳ ಬಂದರೆ ಅದು ಹಣ್ಣುನೊಣ. ಬಿದ್ದ ಕಾಯಿಯನ್ನು ಅಲ್ಲೇ ಬಿಡದೆ ಒಂದು ಅಡಿ ಆಳಕ್ಕೆ ಹೂಳಿ, ಈ ನೊಣವನ್ನು ಸೆಳೆದು ಹಿಡಿಯುವ ಕ್ಯೂ ಲ್ಯೂರ್ ಬಲೆಯೊಂದನ್ನು ತೂಗಿ. ಅಂಗಡಿಯಲ್ಲಿ ಮಾವಿನ ನೊಣದ ಬಲೆಯನ್ನೇ ಕೊಟ್ಟು ಕಳಿಸುವುದುಂಟು. ಅದರಲ್ಲಿರುವುದು ಮಿಥೈಲ್ ಯುಜಿನಾಲ್, ತೊಂಡೆ, ಹಾಗಲದ ನೊಣ ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಚಪ್ಪರದ ಕಂಬಕ್ಕೆ ಗೊಬ್ಬರಗಿಡದ 7 ಅಡಿ ಗೂಟವನ್ನು ಮೃಗಶಿರ ಮಳೆಗೆ ಊರಿದರೆ ಅದೇ ಚಿಗುರಿ ನಿಲ್ಲುತ್ತದೆ. ಒರಲೆ ಕಾಟವಿಲ್ಲ, ವರ್ಷಕ್ಕೆ ಎರಡು ಮೂರು ಸಲ ಸವರಿದ ಸೊಪ್ಪು ಮಡಿಗಾಗುತ್ತದೆ. ಸವರದೆ ಬಿಟ್ಟರೆ ಅದರ ನೆರಳೇ ತೊಂಡೆಗೆ ಶತ್ರು.

ಚಕ್ರಮುನಿಯನ್ನು ಬೇಲಿಯ ಹಾಗೆ ಸಾಲಾಗಿ ನೆಡಿ. ಒಂದು ಗೇಣಿನ ಬಲಿತ ಕಡ್ಡಿ, ಒಂದೂವರೆ ಅಡಿಗೊಂದು, ಜೂನ್‌ನಲ್ಲಿ. ಅರೆ ನೆರಳಾದರೂ ನಡೆಯುತ್ತದೆ, ತೆಂಗಿನ ನಡುವಿನ ಜಾಗ ಇದಕ್ಕಿರಲಿ. ಸೊಂಟದೆತ್ತರ ಮೀರದಂತೆ ಕತ್ತರಿಸುತ್ತಿದ್ದರೆ ವರ್ಷಗಟ್ಟಲೆ ಸೊಪ್ಪು. ಒಂದು ಎಚ್ಚರ ಮಾತ್ರ ಗಟ್ಟಿಯಾಗಿ ಹೇಳಬೇಕು: ಇದನ್ನು ಬೇಯಿಸಿ, ಪದಾರ್ಥದ ಪ್ರಮಾಣದಲ್ಲಿ ತಿನ್ನಿ. ತೂಕ ಇಳಿಸಲೆಂದು ಹಸಿ ಸೊಪ್ಪಿನ ರಸವನ್ನು ದಿನವೂ ಕುಡಿದ ತೈವಾನಿನ ಅನೇಕರಿಗೆ 1990ರ ದಶಕದಲ್ಲಿ ವಾಸಿಯಾಗದ ಶ್ವಾಸಕೋಶದ ಕಾಯಿಲೆ ಬಂದಿತ್ತು. 'ವಿಟಮಿನ್ ಸೊಪ್ಪು' ಎಂಬ ಹೆಸರು ಕೇಳಿ ಮಿಕ್ಸಿಗೆ ಹಾಕುವುದು ಬೇಡ. ಈಚೆಗೆ ನರ್ಸರಿಗಳಲ್ಲಿ ಸಿಗುವ ಚಾಯಾ ಎಂಬ ಸೊಪ್ಪಿನ ಗಿಡಕ್ಕೂ ಇಂಥದೇ ಎಚ್ಚರ. ಅದರ ಹಸಿ ಎಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ, ಮುಚ್ಚಳ ತೆಗೆದು 15ರಿಂದ 20 ನಿಮಿಷ ಕುದಿಸಬೇಕು, ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಡ.

ಸುವರ್ಣಗಡ್ಡೆಗೆ ಶಿವರಾತ್ರಿಯ ಆಸುಪಾಸಿನಲ್ಲಿ ಗುಂಡಿ ತೆಗೆಯಿರಿ: 2 ಅಡಿ ಉದ್ದಗಲ, ಒಂದೂವರೆ ಅಡಿ ಆಳ, ಗುಂಡಿಯಿಂದ ಗುಂಡಿಗೆ 3 ಅಡಿ. ಬಿತ್ತನೆಯ ತುಂಡು ಅರ್ಧದಿಂದ ಮುಕ್ಕಾಲು ಕಿಲೋ, ಪ್ರತಿ ತುಂಡಿನಲ್ಲೂ ನಡುವಿನ ಮೊಳಕೆಯ ಒಂದು ಪಾಲು ಇರಲೇಬೇಕು. ಸಗಣಿ ಬಗ್ಗಡದಲ್ಲಿ ಅದ್ದಿ ಒಂದು ದಿನ ನೆರಳಲ್ಲಿ ಒಣಗಿಸಿ, ಮೊಳಕೆ ಮೇಲಾಗಿ ಇಟ್ಟು, ಗೊಬ್ಬರ ಬೆರೆತ ಮಣ್ಣು ಮುಚ್ಚಿ, ಮೇಲೆ ದರಕು. ಮಳೆ ಹನಿದಾಗ ತಾನೇ ಕೊಡೆ ಬಿಚ್ಚುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ದಂಟು ಹಳದಿಯಾಗಿ ಬಿದ್ದ ಮೇಲೆ ಕಿತ್ತರೆ ಎರಡು ಮೂರು ಕಿಲೋ ಸಿಗುತ್ತದೆ. ಕೀಳದೆ ಬಿಟ್ಟರೂ ಮುಂದಿನ ವರ್ಷ ಅದೇ ಮತ್ತೆ ಏಳುತ್ತದೆ, ಇನ್ನೂ ದಪ್ಪವಾಗುತ್ತದೆ. ನಾಲ್ಕು ಗುಂಡಿ ಇದ್ದರೆ ಎರಡನ್ನು ಕಿತ್ತು, ಎರಡನ್ನು ಬಿಡುವುದು ಒಳ್ಳೆಯ ಕ್ರಮ. ಆಂಧ್ರದ ಕೊವ್ವೂರಿನ 'ಗಜೇಂದ್ರ' ತಳಿಗೆ ತುರಿಕೆ ಕಡಿಮೆ. ದಂಟು ಬುಡದಲ್ಲಿ ಕೊಳೆತು ಅಡ್ಡ ಬಿದ್ದರೆ, ಬಿಳಿ ನೂಲಿನ ಜೊತೆ ಸಾಸಿವೆಯಂಥ ಕಂದು ಕಾಳು ಕಂಡರೆ, ಆ ಗುಂಡಿಯ ಮಣ್ಣು ತೆಗೆದು ಬಿಸಿಲಿಗೆ ಹರಡಿ. ಮುಂದಿನ ಸಲ ಬೇರೆ ಗುಂಡಿ, ಟ್ರೈಕೋಡರ್ಮಾ (ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿದ ಗೊಬ್ಬರ. 20 ಕಿಲೋ ಗೊಬ್ಬರ, 2 ಕಿಲೋ ಬೇವಿನ ಹಿಂಡಿಗೆ 200 ಗ್ರಾಂ ಟ್ರೈಕೋಡರ್ಮಾ, ನೆರಳಲ್ಲಿ ಹದ ತೇವದಲ್ಲಿ ಎರಡು ವಾರ. ಇದಕ್ಕೆ ಸುಣ್ಣ, ಬೂದಿ, ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಯಾವುದೂ ತಾಗಬಾರದು.

ಬೋರ್ಡೋ ಮಾತು ಬಂದದ್ದರಿಂದ ಹೇಳುತ್ತೇನೆ. ಪಕ್ಕದಲ್ಲಿ ಅಡಿಕೆ ತೋಟವಿದ್ದು ಕೊಳೆರೋಗಕ್ಕೆ ಔಷಧ ಹೊಡೆಯುವವರಿದ್ದರೆ, ಆ ದಿನ ಸೊಪ್ಪಿನ ಮಡಿಗೆ ಪ್ಲಾಸ್ಟಿಕ್ ಹೊದೆಸಿ. ಮೈಲುತುತ್ತ ಸಾವಯವದಲ್ಲಿ ಮಿತಿಯೊಳಗೆ ಒಪ್ಪಿತವೇ, ಆದರೆ ನೀಲಿ ಚುಕ್ಕೆ ಬಿದ್ದ ಬಸಳೆಯನ್ನು ಉಣ್ಣಲಾಗದು.

ಕೆಸುವಿಗೆ ವಿವರ ಬೇಡ. ಬಸಿಗಾಲುವೆಯ ಬಾಯಲ್ಲಿ, ಕೋಲು ಊರಿದ ಜಾಗದಲ್ಲಿ ನೆಡಿ, ಮಡಿಯೊಳಗೆ ಮಾತ್ರ ಬಿಡಬೇಡಿ, ಮತ್ತೆ ತೆಗೆಯಲಾಗದು. ಗಡ್ಡೆಯ ತಳಿಗಳ ಮೇಲೆ ಆಸಕ್ತಿ ಹುಟ್ಟಿದರೆ ಚಳಿಗಾಲದಲ್ಲಿ ಜೋಯಿಡಾದಲ್ಲಿ ಕುಣಬಿ ಸಮುದಾಯದವರು ನಡೆಸುವ ಗೆಡ್ಡೆ ಗೆಣಸು ಮೇಳಕ್ಕೆ ಹೋಗಿ ಬನ್ನಿ, ಮುಡ್ಲಿಯಂಥ ದೊಡ್ಡ ಕೆಸುವಿನ ಬಿತ್ತನೆ ಅಲ್ಲಿ ಕಣ್ಣಾರೆ ನೋಡಿ ಆರಿಸಬಹುದು.

ನುಗ್ಗೆ ಎರಡನೇ ಹಂತಕ್ಕಿರಲಿ. ಅದು ಒಣ ಸೀಮೆಯ ಮರ, ಬುಡದಲ್ಲಿ ನೀರು ನಿಂತರೆ ತಡೆಯುವುದಿಲ್ಲ. ಮೇ ಕೊನೆಗೆ ನೆಟ್ಟ ಸಸಿಗೆ ಬೇರು ಬಲಿಯುವ ಮೊದಲೇ ಮಳೆ ಹಿಡಿಯಿತು. 2 ಅಡಿ ಎತ್ತರ, 4 ಅಡಿ ಅಗಲದ ದಿಬ್ಬ ಮಾಡಿ, ಅಕ್ಟೋಬರ್ ಕೊನೆಗೆ ಕೈಮಣಿಕಟ್ಟು ದಪ್ಪದ 4 ಅಡಿ ಕೊಂಬೆ ಊರಿ. ಮುಂದಿನ ಮಳೆಗೆ ಏಳು ತಿಂಗಳ ಬೇರು ಇರುತ್ತದೆ. ಮೇಲಿನ ಕತ್ತರಿಸಿದ ಬಾಯಿಗೆ ಸಗಣಿ ಮೆತ್ತಿ. ನಮ್ಮಲ್ಲಿ ಕೋಡು ಬೇಸಿಗೆಯ ಮಾತು, ಮಳೆಗಾಲದಲ್ಲಿ ಸೊಪ್ಪು ಮಾತ್ರ. ಮಳೆ ಶುರುವಾದಾಗ ಕಂಬಳಿಹುಳು ರಾಶಿಯಾಗಿ ಕಾಂಡಕ್ಕೆ ಅಂಟಿ ಕೂರುತ್ತವೆ. ಅವು ಚದುರುವ ಮೊದಲು ಸೂಡಿ (ಒಣ ತೆಂಗಿನ ಗರಿಯ ಪಂಜು) ಹಿಡಿದು ಸವರಿದರೆ ಮುಗಿಯಿತು, ಕಾಂಡ ಸುಡದಂತೆ ಕೈ ಬೇಗ ಆಡಲಿ.

ಬದನೆ ಹಸಿರಿದ್ದ ಹಾಗೇ ಬಾಡಿದ್ದು ಸೊರಗು ರೋಗವಿರಬಹುದು, ನಮ್ಮ ಹುಳಿ ಮಣ್ಣಿನಲ್ಲಿ ಇದು ಬಹಳ. ಬಾಡಿದ ಗಿಡದ ಬುಡದ ಕಾಂಡವನ್ನು ನಾಲ್ಕು ಬೆರಳುದ್ದ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಹಿಡಿಯಿರಿ. ಎರಡು ಮೂರು ನಿಮಿಷದಲ್ಲಿ ಹೊಗೆಯ ಎಳೆಯಂತೆ ಬಿಳಿ ದ್ರವ ಇಳಿದರೆ ಅದೇ. ಆ ಜಾಗದಲ್ಲಿ ಬದನೆ, ಟೊಮೆಟೊ, ಮೆಣಸು ಮತ್ತೆ ನೆಡಬೇಡಿ. ಬದನೆ ಬೇಕೇ ಬೇಕೆಂದರೆ ಕಾಡುಸುಂಡೆಯ ಬುಡಕ್ಕೆ ಕಸಿ ಕಟ್ಟಿದ ಸಸಿ ತನ್ನಿ. ಅದು ಈ ರೋಗ ತಡೆಯುತ್ತದೆ, ಕತ್ತರಿಸುತ್ತ ಹೋದರೆ ಎರಡು ಮೂರು ವರ್ಷ ಕಾಯಿಯನ್ನೂ ಕೊಡುತ್ತದೆ. ಮಾಡಹಾಗಲವನ್ನು ಎರಡನೇ ವರ್ಷಕ್ಕೆ ಸೇರಿಸಿಕೊಳ್ಳಿ. ಬೀಜ ಸರಿಯಾಗಿ ಹುಟ್ಟುವುದಿಲ್ಲ, ಗಡ್ಡೆಯೇ ಬೇಕು. ಅದರಲ್ಲೂ ಗಂಡು ಬಳ್ಳಿ ಬೇರೆ, ಹತ್ತು ಹೆಣ್ಣಿಗೆ ಒಂದು ಗಂಡು. ಮಳೆ ಕಳೆದು ಬಳ್ಳಿ ಒಣಗಿದಾಗ ಸತ್ತಿತೆಂದು ಅಗೆಯದೆ, ಗುರುತಿಗೊಂದು ಗೂಟ ಹೊಡೆದಿಡಿ.

ನೀರಿನ ಲೆಕ್ಕ ಸರಳ. ಬೇಸಿಗೆಯಲ್ಲಿ 40 ಚದರ ಅಡಿಯ ಮಡಿಗೆ ದಿನಕ್ಕೆ ಸುಮಾರು 20 ಲೀಟರ್, ಮುಚ್ಚಿಗೆ ದಪ್ಪವಿದ್ದರೆ ಎರಡು ದಿನಕ್ಕೊಮ್ಮೆ 30. ಉಪ್ಪಿನ ಸಂಶಯವಿದ್ದರೆ ಮಾರ್ಚ್ ಕೊನೆಗೆ ಒಮ್ಮೆ, ಮೇ ಮಧ್ಯದಲ್ಲಿ ಒಮ್ಮೆ ನೀರು ಪರೀಕ್ಷೆಗೆ ಕೊಡಿ. ಉಪ್ಪಿನ ಪ್ರಮಾಣ ತೋರಿಸುವ ವಿದ್ಯುತ್ ವಾಹಕತೆ ಮೀಟರಿಗೆ 0.7 ಡೆಸಿಸೀಮನ್ಸ್ ಒಳಗಿದ್ದರೆ ಚಿಂತೆಯಿಲ್ಲ. ಅಲ್ಲಿಂದ 3ರವರೆಗೆ ಏರುತ್ತ ಹೋದಂತೆ ಬೆಳೆ ಆರಿಸಿ ಮಾಡಬೇಕು, ಮೊದಲು ಸೋಲುವುದು ಬೀನ್ಸ್. ಅಂಥ ನೀರನ್ನು ದಿನಾ ಸ್ವಲ್ಪ ಚಿಮುಕಿಸಿದರೆ ಉಪ್ಪು ಮೇಲ್ಮಣ್ಣಿನಲ್ಲೇ ಕೂರುತ್ತದೆ. ಎರಡು ದಿನಕ್ಕೊಮ್ಮೆ ಬುಡ ತೋಯುವಂತೆ ಕೊಡುವುದು ಮೇಲು. ಉಳಿದ ಉಪ್ಪನ್ನು ಜೂನ್ ಮಳೆ ತೊಳೆದುಬಿಡುತ್ತದೆ, ಆ ಮಟ್ಟಿಗೆ ನಮ್ಮ ಮಳೆ ಉಪಕಾರಿ.

ಬಸವನಹುಳುವಿಗೆ ಔಷಧ ಹುಡುಕಬೇಡಿ. ಮೊದಲ ಮಳೆ ಬಿದ್ದ ಎರಡು ವಾರ, ರಾತ್ರಿ ಎಂಟರ ನಂತರ, ಬ್ಯಾಟರಿ ಮತ್ತು ಉಪ್ಪುನೀರಿನ ಬಾಲ್ದಿ ಹಿಡಿದು ಹೋಗಿ. ಸಂಜೆಯೇ ನಾಲ್ಕು ಕಡೆ ಪಪ್ಪಾಯಿ ಎಲೆ ಹಾಸಿ ಅದರ ಮೇಲೆ ಹಣ್ಣಿನ ಸಿಪ್ಪೆ ಇಟ್ಟಿದ್ದರೆ ಅಲ್ಲಲ್ಲೇ ಗುಂಪಾಗಿ ಸಿಗುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ. ಆ ಉಪ್ಪುನೀರನ್ನು ಮಡಿಯ ಹತ್ತಿರ ಚೆಲ್ಲಬೇಡಿ. ಮೊಟ್ಟೆ ಇಡುವ ಮೊದಲಿನ ಈ ಎರಡು ವಾರ ತಪ್ಪಿದರೆ ಸೆಪ್ಟೆಂಬರ್‌ವರೆಗೂ ಆರಿಸುತ್ತಲೇ ಇರಬೇಕಾಗುತ್ತದೆ. ಸುತ್ತ ಸುಣ್ಣ ಎರಚುವುದು ಬೇಸಿಗೆ ಮಳೆಗೆ ನಡೆಯುತ್ತದೆ, ಜೂನ್‌ನಲ್ಲಿ ಅರ್ಧ ತಾಸೂ ನಿಲ್ಲುವುದಿಲ್ಲ.

ಮಂಗನಿಗೆ ಪೂರ್ಣ ಪರಿಹಾರ ಯಾರ ಹತ್ತಿರವೂ ಇಲ್ಲ. ಸುವರ್ಣಗಡ್ಡೆ, ಕೆಸು, ಅರಿಶಿನ, ಸೂಜಿಮೆಣಸು ಅದು ಮುಟ್ಟದ ಬೆಳೆಗಳು. ಅವನ್ನು ದೂರಕ್ಕೆ ಹಾಕಿ, ಬಸಳೆ ಮತ್ತು ತೊಂಡೆಯನ್ನು ಜನ ಓಡಾಡುವ ಅಡುಗೆಮನೆ ಬದಿಗಿರಿಸಿ. ಬಂದರಿನಲ್ಲಿ ಸಿಗುವ ಹಳೆ ಮೀನುಬಲೆಯನ್ನು ಚಪ್ಪರದ ಮೇಲಿಂದ ಇಳಿಬಿಟ್ಟು, ಬಿಗಿಯಾಗಿ ಎಳೆಯದೆ ಜೋಲಾಗಿ ಕಟ್ಟಿ. ಜೋಲು ಬಲೆಯ ಮೇಲೆ ಮಂಗನಿಗೆ ಕಾಲು ನಿಲ್ಲುವುದಿಲ್ಲ. ಬಲೆಯ ಅಂಚು ನೆಲದಿಂದ ಒಂದು ಗೇಣು ಮೇಲಿರಲಿ, ನೆಲಕ್ಕೆ ತಾಗಿಸಿ ಕಟ್ಟಿದ ಬಲೆಯಲ್ಲಿ ಹಾವು ಸಿಕ್ಕಿಕೊಳ್ಳುತ್ತದೆ, ಬಿಡಿಸಲು ಹೋದವರಿಗೂ ಅಪಾಯ.